ಮನೆಯಲ್ಲೇ ಗಿಟಾರ್ ಆಂಪ್ಲಿಫಯರ್ ಕಟ್ಟುವುದು: ಹಂತಹಂತಕ್ಕೂ ಪರೀಕ್ಷೆ, ಸ್ಪೀಕರ್ ಕಟ್ಟಕಡೆಗೆ

ಮೊದಲ ಸಲ ಆಂಪ್ ಕಟ್ಟುವವರು ಸಾಮಾನ್ಯವಾಗಿ ಮಾಡುವುದು ಒಂದೇ. ಎಲ್ಲ ಬಿಡಿಭಾಗಗಳನ್ನೂ ಬೆಸೆದು, ಸ್ಪೀಕರ್ ಜೋಡಿಸಿ, ಗಿಟಾರ್ ಚುಚ್ಚಿ, ಸ್ವಿಚ್ ಒತ್ತುತ್ತಾರೆ. ಆಮೇಲೆ ಗುಂಯ್ ಎನ್ನುವ ಸದ್ದು, ಇಲ್ಲವೇ ಹೊಗೆ, ಇಲ್ಲವೇ ಏನೂ ಇಲ್ಲ. ತಪ್ಪು ಎಲ್ಲಿದೆ ಎಂದು ಹುಡುಕಲು ಹೊರಟರೆ ಅರವತ್ತು ಎಪ್ಪತ್ತು ಬೆಸುಗೆಗಳಲ್ಲಿ ಯಾವುದನ್ನೂ ನಂಬುವಂತಿಲ್ಲ. ಸರ್ಕ್ಯೂಟ್ ಸರಿಯಾಗಿಯೇ ಇರುತ್ತದೆ, ಕೆಟ್ಟಿರುವುದು ಕೆಲಸದ ಕ್ರಮ.

ಇಲ್ಲಿ ಕಟ್ಟುವುದು 8 ಓಮ್ ಸ್ಪೀಕರ್‌ಗೆ ಸುಮಾರು 15ರಿಂದ 18 ವಾಟ್ ಕೊಡುವ ಆಂಪ್. ಪವರ್ ಭಾಗಕ್ಕೆ ಎಲ್‌ಎಂ 1875 ಐಸಿ, ಪ್ರೀಆಂಪ್‌ಗೆ (ಗಿಟಾರ್‌ನ ಸಣ್ಣ ಸಿಗ್ನಲನ್ನು ಮೊದಲು ಹಿಗ್ಗಿಸುವ ಭಾಗ) ಟಿಎಲ್ 072. ಪ್ರತಿ ಹಂತದ ಕೊನೆಯಲ್ಲೂ ಒಂದು ಅಳತೆ ಇದೆ. ಅದು ಸರಿ ಬರುವವರೆಗೆ ಮುಂದಿನ ಹಂತಕ್ಕೆ ಕೈ ಹಾಕಬೇಡಿ.

ಬೇಕಾದ ಸಾಮಾನು

ಉಪಕರಣಗಳು: 25ರಿಂದ 40 ವಾಟ್‌ನ ಸೋಲ್ಡರಿಂಗ್ ಐರನ್, ರೋಸಿನ್ ಇರುವ ಸೋಲ್ಡರ್ ತಂತಿ, ಡಿಜಿಟಲ್ ಮಲ್ಟಿಮೀಟರ್, ವೈರ್ ಕಟರ್, ಡ್ರಿಲ್. ಇವುಗಳ ಜೊತೆ ಇನ್ನೆರಡು ಬೇಕೇ ಬೇಕು. ಒಂದು, 40ರಿಂದ 60 ವಾಟ್‌ನ ಹಳೆಯ ಕಾಲದ ತಂತಿ ಬಲ್ಬ್ ಮತ್ತು ಹೋಲ್ಡರ್ (ಎಲ್‌ಇಡಿ ಬಲ್ಬ್ ನಡೆಯುವುದಿಲ್ಲ). ಇನ್ನೊಂದು, 8 ಓಮ್, 25 ವಾಟ್‌ನ ರೆಸಿಸ್ಟರ್. ಪರೀಕ್ಷೆಯ ವೇಳೆ ಸ್ಪೀಕರ್ ಜಾಗದಲ್ಲಿ ಇದು ಡಮ್ಮಿ ಲೋಡ್ ಆಗಿ ಕೂರುತ್ತದೆ.

ಪವರ್ ಸಪ್ಲೈಗೆ:
- 15-0-15 ವೋಲ್ಟ್, 2 ಆಂಪಿಯರ್ ಟ್ರಾನ್ಸ್‌ಫಾರ್ಮರ್
- 4 ಆಂಪಿಯರ್ ಅಥವಾ ಹೆಚ್ಚಿನ ಬ್ರಿಡ್ಜ್ ರೆಕ್ಟಿಫಯರ್
- 4700 ಮೈಕ್ರೋಫ್ಯಾರಡ್, 35 ವೋಲ್ಟ್ ಕೆಪಾಸಿಟರ್ ಎರಡು
- 2.2ಕೆ (ಕೆ ಎಂದರೆ ಸಾವಿರ ಓಮ್), ಅರ್ಧ ವಾಟ್ ರೆಸಿಸ್ಟರ್ ಎರಡು
- 7812 ಮತ್ತು 7912 ರೆಗ್ಯುಲೇಟರ್ ಒಂದೊಂದು
- ಮೇನ್ಸ್‌ಗೆ (ಗೋಡೆಯಿಂದ ಬರುವ ಕರೆಂಟಿಗೆ) ನಿಧಾನವಾಗಿ ಕರಗುವ ಫ್ಯೂಸ್: 230 ವೋಲ್ಟ್ ಇರುವಲ್ಲಿ 500 ಮಿಲಿಆಂಪಿಯರ್, 110-120 ವೋಲ್ಟ್ ಇರುವಲ್ಲಿ 1 ಆಂಪಿಯರ್
- ಪ್ಲಸ್, ಮೈನಸ್ ಎರಡೂ ರೈಲಿಗೆ (ಪವರ್ ಸಪ್ಲೈಯಿಂದ ಆಂಪ್‌ಗೆ ಹೋಗುವ ತಂತಿಗೆ) 1.5 ಆಂಪಿಯರ್ ಫ್ಯೂಸ್ ಒಂದೊಂದು

ಮಿಕ್ಕ ಬಿಡಿಭಾಗಗಳು ಎಷ್ಟು ಓಮ್, ಎಷ್ಟು ಫ್ಯಾರಡ್ ಎಂಬುದು ಆಯಾ ಹಂತದಲ್ಲೇ ಬರುತ್ತದೆ. ಇವುಗಳ ಜೊತೆಗೆ ಮೈಕಾ ಹಾಳೆ, ಪ್ಲಾಸ್ಟಿಕ್ ಬುಷ್, ಹೀಟ್ ಸಿಂಕ್ ಪೇಸ್ಟ್ ತರುವುದನ್ನು ಮರೆಯಬೇಡಿ. ಹೀಟ್ ಸಿಂಕ್ ವಾಟಿಗೆ 3 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಉಷ್ಣರೋಧದ್ದಾಗಿರಬೇಕು. ರೆಗ್ಯುಲೇಟರ್‌ಗೆ ಹಾಕುವ ಪುಟ್ಟ ರೆಕ್ಕೆಯ ಸಿಂಕ್ ಇಲ್ಲಿ ಸಾಲದು. ಈ ಆಂಪ್ ಪೂರ್ತಿ ನುಡಿಸುವಾಗ ಐಸಿಯೊಳಗೆ ಸುಮಾರು 13 ವಾಟ್ ಶಾಖವಾಗುತ್ತದೆ.

ಎಲ್‌ಎಂ 1875 ಸಿಗದಿದ್ದರೆ ಅಂಗಡಿಯವರು ಟಿಡಿಎ 2030 ಕೊಟ್ಟು "ಪಿನ್ ಒಂದೇ, ನಡೆಯುತ್ತೆ" ಎನ್ನಬಹುದು. ಪಿನ್‌ಗಳೇನೋ ಒಂದೇ. ಆದರೆ ಟಿಡಿಎ 2030ರ ಮಿತಿ ±18 ವೋಲ್ಟ್. ನಮ್ಮ ರೈಲುಗಳು ±21 ದಾಟುತ್ತವೆ. ಹಾಕಬೇಡಿ.

ಹಂತ 1: ಮೇನ್ಸ್ ಮತ್ತು ಪವರ್ ಸಪ್ಲೈ

ಈ ಹಂತದಲ್ಲಿ ಜೀವಕ್ಕೆ ಅಪಾಯವಾಗುವ ವೋಲ್ಟೇಜ್ ಇದೆ. ಮೇನ್ಸ್ ವೈರಿಂಗ್ ಗೊತ್ತಿಲ್ಲದವರು ಈ ಭಾಗವನ್ನು ಗೊತ್ತಿರುವವರಿಂದಲೇ ಮಾಡಿಸಿ. ಪರೀಕ್ಷೆಯ ಹೊತ್ತು ಬಿಟ್ಟರೆ, ಡಬ್ಬಿ ತೆರೆದಿರುವಾಗ ಪ್ಲಗ್ ಕಿತ್ತಿರಬೇಕು. ಸ್ವಿಚ್ ಆರಿಸಿದರಷ್ಟೇ ಸಾಲದು.

ಮೂರು ಪಿನ್ನಿನ ತಂತಿಯ ಹಸಿರು-ಹಳದಿ ಅರ್ಥ್ ಎಳೆಯನ್ನು ರಿಂಗ್ ಲಗ್ ಹಾಕಿ ಲೋಹದ ಡಬ್ಬಿಗೆ ನೇರವಾಗಿ ಬೋಲ್ಟ್ ಮಾಡಿ. ಆ ಜಾಗದ ಬಣ್ಣವನ್ನು ಮೊದಲು ಕೆರೆಯಿರಿ. ಈ ಬೋಲ್ಟ್‌ಗೆ ಬೇರೆ ಯಾವ ಕೆಲಸವೂ ಬೇಡ, ಟ್ರಾನ್ಸ್‌ಫಾರ್ಮರ್ ಹಿಡಿದಿಡಲು ಅದನ್ನೇ ಬಳಸಬೇಡಿ. ಲೈವ್ ಎಳೆ ಮೊದಲು ಫ್ಯೂಸ್, ಆಮೇಲೆ ಸ್ವಿಚ್ ಹಾದು ಟ್ರಾನ್ಸ್‌ಫಾರ್ಮರ್‌ಗೆ ಹೋಗಲಿ. ತೆರೆದ ಪ್ರತಿ ತುದಿಯ ಮೇಲೂ ಹೀಟ್ ಶ್ರಿಂಕ್ ಟ್ಯೂಬ್ ಏರಿಸಿ.

ಟ್ರಾನ್ಸ್‌ಫಾರ್ಮರ್ ಸೆಕೆಂಡರಿಯ (ಕರೆಂಟ್ ಹೊರಬರುವ ಕಡೆಯ) ಎರಡು 15 ವೋಲ್ಟ್ ತುದಿಗಳು ಬ್ರಿಡ್ಜಿನ ಎರಡು ಎಸಿ ಕಾಲುಗಳಿಗೆ. ಬ್ರಿಡ್ಜಿನ ಪ್ಲಸ್ ಮೊದಲ ಕೆಪಾಸಿಟರಿನ ಪ್ಲಸ್‌ಗೆ, ಬ್ರಿಡ್ಜಿನ ಮೈನಸ್ ಎರಡನೆಯ ಕೆಪಾಸಿಟರಿನ ಮೈನಸ್‌ಗೆ. ಉಳಿದ ಎರಡು ಕಾಲುಗಳು, ಅಂದರೆ ಮೊದಲನೆಯದರ ಮೈನಸ್ ಮತ್ತು ಎರಡನೆಯದರ ಪ್ಲಸ್, ಒಟ್ಟಿಗೆ ಸೇರಿ ಸೆಂಟರ್ ಟ್ಯಾಪ್‌ಗೆ (15-0-15ರ ನಡುವಿನ 0 ತುದಿಗೆ). ಇದೇ ನಮ್ಮ ಶೂನ್ಯ, ಅಂದರೆ ಗ್ರೌಂಡ್. ಬಹಳ ಮಂದಿ ಎಡವುವುದು ಎರಡನೆಯ ಕೆಪಾಸಿಟರಿನಲ್ಲಿ. ಗ್ರೌಂಡ್ ಎಂದಾಕ್ಷಣ ಕೈ ತಾನಾಗಿಯೇ ಅದರ ಮೈನಸ್ ಕಾಲನ್ನು ಅಲ್ಲಿಗೆ ಒಯ್ಯುತ್ತದೆ. ಮೈನಸ್ ರೈಲಿನಲ್ಲಿ ಗ್ರೌಂಡೇ ಪ್ಲಸ್. ತಿರುಗಿಸಿ ಹಾಕಿದ 4700 ಮೈಕ್ರೋಫ್ಯಾರಡ್ ಮೊದಲು ಬಿಸಿಯಾಗಿ, ತಲೆ ಉಬ್ಬಿ, ಆಮೇಲೆ ಸಿಡಿಯುತ್ತದೆ.

ಪ್ರತಿ ಕೆಪಾಸಿಟರಿಗೂ ಅಡ್ಡಲಾಗಿ 2.2ಕೆ ರೆಸಿಸ್ಟರ್ ಹಾಕಿ. ಸ್ವಿಚ್ ಆರಿಸಿ ಒಂದು ನಿಮಿಷದೊಳಗೆ ಚಾರ್ಜ್ ಇಳಿದುಹೋಗುತ್ತದೆ. ಆದರೂ ಮುಟ್ಟುವ ಮುಂಚೆ ಮೀಟರ್ ಹಿಡಿದು ನೋಡಿ.

ಪರೀಕ್ಷೆ: ಲೈವ್ ತಂತಿಯ ದಾರಿಯಲ್ಲಿ ಬಲ್ಬನ್ನು ಸರಣಿಯಾಗಿ ಸೇರಿಸಿ ಸ್ವಿಚ್ ಹಾಕಿ. ಬಲ್ಬ್ ಒಮ್ಮೆ ಮಿಂಚಿ ಆರಿದರೆ ಸರಿ. ಪೂರ್ಣ ಪ್ರಕಾಶದಲ್ಲಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ತಕ್ಷಣ ಆರಿಸಿ. ಬಲ್ಬ್ ತೆಗೆದ ಮೇಲೆ ಶೂನ್ಯದಿಂದ ಅಳೆದರೆ ಎರಡೂ ಕಡೆ 21ರಿಂದ 24 ವೋಲ್ಟ್ ಬರಬೇಕು, ಒಂದು ಪ್ಲಸ್, ಒಂದು ಮೈನಸ್. ಹದಿನೈದಕ್ಕೆ ಇಷ್ಟೇಕೆ ಎಂದರೆ, ಕೆಪಾಸಿಟರ್ ತುಂಬುವುದು ಎಸಿಯ ಶಿಖರದವರೆಗೆ (15 × 1.414), ಮೇಲಾಗಿ ಲೋಡ್ ಇಲ್ಲದ ಟ್ರಾನ್ಸ್‌ಫಾರ್ಮರ್ ತನ್ನ ಮೇಲೆ ಬರೆದದ್ದಕ್ಕಿಂತ ಸ್ವಲ್ಪ ಹೆಚ್ಚೇ ಕೊಡುತ್ತದೆ. ಒಂದು ರೈಲು ಸರಿಯಿದ್ದು ಇನ್ನೊಂದು ಸೊನ್ನೆಯ ಹತ್ತಿರವಿದ್ದರೆ ಆ ಕಡೆಯ ಜೋಡಣೆಯನ್ನು ಮತ್ತೆ ನೋಡಿ.

ಹಂತ 2: ಪ್ರೀಆಂಪ್‌ಗೆ ±12 ವೋಲ್ಟ್

7812 ಮತ್ತು 7912 ನೋಡಲು ಅವಳಿಗಳು, ಕಾಲುಗಳ ಕ್ರಮ ಮಾತ್ರ ಬೇರೆ. ಅಕ್ಷರ ನಿಮ್ಮ ಕಡೆಗಿದ್ದಾಗ ಎಡದಿಂದ 7812ರಲ್ಲಿ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. 7912ರಲ್ಲಿ ಗ್ರೌಂಡ್, ಇನ್‌ಪುಟ್, ಔಟ್‌ಪುಟ್. 7912ರ ಲೋಹದ ಬೆನ್ನು ಇನ್‌ಪುಟ್‌ಗೆ, ಅಂದರೆ ಮೈನಸ್ ರೈಲಿಗೆ ಸೇರಿರುವುದರಿಂದ ಅದು ಡಬ್ಬಿಗೆ ತಾಗಕೂಡದು. ಎರಡಕ್ಕೂ ಹೀಟ್ ಸಿಂಕ್ ಬೇಡ. ಟಿಎಲ್ 072 ಎಳೆಯುವುದು ಕೆಲವೇ ಮಿಲಿಆಂಪಿಯರ್.

7812ರ ಇನ್‌ಪುಟ್‌ಗೆ 330 ನ್ಯಾನೋಫ್ಯಾರಡ್, 7912ರ ಇನ್‌ಪುಟ್‌ಗೆ 2.2 ಮೈಕ್ರೋಫ್ಯಾರಡ್ ಹಾಕಿ. ಎರಡರ ಔಟ್‌ಪುಟ್‌ಗೂ 10 ಮೈಕ್ರೋಫ್ಯಾರಡ್ ಜೊತೆಗೆ 100 ನ್ಯಾನೋಫ್ಯಾರಡ್. ಇವನ್ನು ಬಿಟ್ಟರೆ 7912 ಆಂದೋಲನಕ್ಕೆ (ವೋಲ್ಟೇಜ್ ತಾನಾಗಿಯೇ ವೇಗವಾಗಿ ಏರಿಳಿಯುವುದಕ್ಕೆ) ಬೀಳುತ್ತದೆ. ಅಳತೆ 11.5ರಿಂದ 12.5ರೊಳಗೆ ಬರಬೇಕು.

ಹಂತ 3: ಪವರ್ ಆಂಪ್

ಕೆಲಸದ ಕ್ರಮ ಇಲ್ಲಿಯೂ ಮುಖ್ಯ. ಮೊದಲು ಐಸಿಯನ್ನು ಹೀಟ್ ಸಿಂಕ್‌ಗೆ ಬಿಗಿಯಿರಿ, ಆಮೇಲೆ ಬೋರ್ಡಿಗೆ ಬೆಸೆಯಿರಿ. ಮೊದಲೇ ಬೆಸೆದು ಆಮೇಲೆ ಸ್ಕ್ರೂ ತಿರುಗಿಸಿದರೆ ಎಳೆತವೆಲ್ಲ ಕಾಲುಗಳ ಮೇಲೆ ಬಿದ್ದು ಬೆಸುಗೆ ಬಿರುಕು ಬಿಡುತ್ತದೆ. ಐದು ಕಾಲುಗಳು ಸಾಮಾನ್ಯ ತೂತಿನ ಬೋರ್ಡಿಗೆ ನೇರ ಕೂರುವುದಿಲ್ಲ. ಇಕ್ಕಳದಲ್ಲಿ ಬುಡ ಹಿಡಿದು ತುದಿಯನ್ನಷ್ಟೇ ಬಾಗಿಸಿ.

ಎಲ್‌ಎಂ 1875ರ ಲೋಹದ ಬೆನ್ನು ಮೈನಸ್ ರೈಲಿಗೆ ಸೇರಿದೆ. ಹಾಗಾಗಿ ನಡುವೆ ಮೈಕಾ, ಸ್ಕ್ರೂಗೆ ಪ್ಲಾಸ್ಟಿಕ್ ಬುಷ್, ಮೈಕಾದ ಎರಡೂ ಬದಿಗೆ ತೆಳ್ಳಗೆ ಪೇಸ್ಟ್. ಬಿಗಿದ ಮೇಲೆ ಐಸಿಯ ಬೆನ್ನಿಗೂ ಹೀಟ್ ಸಿಂಕ್‌ಗೂ ಮೀಟರ್ ಹಿಡಿಯಿರಿ. ಬೀಪ್ ಬಂದರೆ ಬಿಚ್ಚಿ ನೋಡಿ. ಡ್ರಿಲ್ ಮಾಡಿದ ತೂತಿನ ಅಂಚಿನಲ್ಲಿ ಕೂದಲಿನಷ್ಟು ಲೋಹದ ಸಿಬಿರು ಎದ್ದಿದ್ದರೂ ಅದು ಮೈಕಾವನ್ನು ಚುಚ್ಚಿ ಆಚೆ ಬರುತ್ತದೆ. ಅಂಚನ್ನು ದೊಡ್ಡ ಡ್ರಿಲ್ ಬಿಟ್‌ನಿಂದ ಕೈಯಲ್ಲೇ ತಿರುಗಿಸಿ ನಯ ಮಾಡಿ.

ಪಿನ್ ಜೋಡಣೆ ಹೀಗೆ:

ಪಿನ್ 1, ಸಿಗ್ನಲ್ ಒಳಬರುವ ಜಾಗ: 2.2 ಮೈಕ್ರೋಫ್ಯಾರಡ್ ಮೂಲಕ ಸಿಗ್ನಲ್. ಪಿನ್ನಿನಿಂದ ಗ್ರೌಂಡಿಗೆ 22ಕೆ.

ಪಿನ್ 2, ಫೀಡ್‌ಬ್ಯಾಕ್: ಪಿನ್ 4ರಿಂದ ಇಲ್ಲಿಗೆ 20ಕೆ. ಇಲ್ಲಿಂದ 1ಕೆ, ಅದರ ಜೊತೆ ಸರಣಿಯಲ್ಲಿ 22 ಮೈಕ್ರೋಫ್ಯಾರಡ್, ಅಲ್ಲಿಂದ ಗ್ರೌಂಡ್. ವರ್ಧನೆ 21 ಪಟ್ಟು. ಸದ್ದು ಹೆಚ್ಚಿದೆಯೆಂದು ಇದನ್ನು 10 ಪಟ್ಟಿಗಿಂತ ಕೆಳಗಿಳಿಸಿದರೆ ಐಸಿ ಸ್ಥಿರವಾಗಿರುವುದಿಲ್ಲ.

ಪಿನ್ 3 ಮೈನಸ್ ರೈಲು, ಪಿನ್ 5 ಪ್ಲಸ್ ರೈಲು: ಎರಡರಿಂದಲೂ ಗ್ರೌಂಡಿಗೆ 100 ಮೈಕ್ರೋಫ್ಯಾರಡ್ ಮತ್ತು 100 ನ್ಯಾನೋಫ್ಯಾರಡ್. ನ್ಯಾನೋಫ್ಯಾರಡ್ ಕೆಪಾಸಿಟರ್ ಪಿನ್ನಿಗೆ ಒಂದು ಸೆಂಟಿಮೀಟರಿನೊಳಗೇ ಇರಬೇಕು.

ಪಿನ್ 4, ಔಟ್‌ಪುಟ್: ಗ್ರೌಂಡಿಗೆ 1 ಓಮ್ (1 ವಾಟ್) ಮತ್ತು 220 ನ್ಯಾನೋಫ್ಯಾರಡ್ ಸರಣಿಯಲ್ಲಿ. "ಇದು ಇಲ್ಲದೆಯೂ ಸದ್ದು ಬರುತ್ತದೆ" ಎಂದು ಇದನ್ನು ಕೈಬಿಡುವವರಿದ್ದಾರೆ. ಸದ್ದು ಬರುತ್ತದೆ ನಿಜ. ಆದರೆ ಉದ್ದನೆಯ ಸ್ಪೀಕರ್ ತಂತಿ ಸಿಕ್ಕಿದಾಗ ಐಸಿ ಕಿವಿಗೆ ಕೇಳದ ಆವರ್ತನದಲ್ಲಿ ಆಂದೋಲಿಸಿ, ಸುಮ್ಮನಿರುವಾಗಲೇ ಕಾದು ಕೆಂಡವಾಗುತ್ತದೆ.

ಪರೀಕ್ಷೆ: ಸ್ಪೀಕರ್ ಬೇಡ, ಡಮ್ಮಿ ಲೋಡ್ ಕೂಡ ಬೇಡ. ಪ್ರತಿ ರೈಲಿನ ಫ್ಯೂಸ್ ಜಾಗದಲ್ಲಿ ತಾತ್ಕಾಲಿಕವಾಗಿ 47 ಓಮ್, 5 ವಾಟ್ ರೆಸಿಸ್ಟರ್ ಇಡಿ. ಕರೆಂಟ್ ಕೊಟ್ಟು ಒಂದೊಂದರ ಮೇಲಿನ ವೋಲ್ಟೇಜ್ ಅಳೆಯಿರಿ. ಐಸಿಯ ಸಹಜ ಎಳೆತ 70 ಮಿಲಿಆಂಪಿಯರ್ ಆಸುಪಾಸು, ಅಂದರೆ 3.3 ವೋಲ್ಟ್ ಸುತ್ತಮುತ್ತ ಸಿಗಬೇಕು. 5 ದಾಟಿದರೆ ಆರಿಸಿ. ಆಮೇಲೆ ಪಿನ್ 4ರಿಂದ ಗ್ರೌಂಡಿಗೆ ಡಿಸಿ ಅಳೆಯಿರಿ. 50 ಮಿಲಿವೋಲ್ಟಿನೊಳಗಿದ್ದರೆ ಒಳ್ಳೆಯದು. ಹತ್ತಾರು ವೋಲ್ಟ್ ತೋರಿಸಿದರೆ ಮೊದಲು 22ಕೆ ಗ್ರೌಂಡಿಗೆ ನಿಜಕ್ಕೂ ತಲುಪಿದೆಯೇ, 20ಕೆ ಎರಡೂ ತುದಿಯಲ್ಲಿ ಸರಿಯಾಗಿ ಬೆಸೆದಿದೆಯೇ ನೋಡಿ. ಇಂಥ ಹೊತ್ತಲ್ಲಿ ಐಸಿ ಕೆಟ್ಟಿದೆ ಎಂದು ತೀರ್ಮಾನಿಸುವುದು ಎಲ್ಲಕ್ಕಿಂತ ಕೊನೆಗೆ. ಈ ಡಿಸಿ ಇಟ್ಟುಕೊಂಡೇ ಸ್ಪೀಕರ್ ಜೋಡಿಸಿದರೆ ಕೋನ್ ಒಂದೇ ಕಡೆಗೆ ಚಾಚಿ ನಿಂತು ಕಾಯಿಲ್ ಸುಟ್ಟುಹೋಗುತ್ತದೆ.

ಇದಾದ ಮೇಲೆ 47 ಓಮ್ ತೆಗೆದು ಫ್ಯೂಸ್ ಹಾಕಿ, 8 ಓಮ್ ಡಮ್ಮಿ ಲೋಡ್ ಜೋಡಿಸಿ. ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ 400 ಹರ್ಟ್ಜ್ ಸದ್ದು ಕೊಡಿ. ಸಾಧಾರಣ ಮೀಟರ್‌ಗಳು ಅದಕ್ಕಿಂತ ಬಹಳ ಮೇಲಿನ ಆವರ್ತನದಲ್ಲಿ ಎಸಿ ಸರಿಯಾಗಿ ಅಳೆಯುವುದಿಲ್ಲ. 0.1 ವೋಲ್ಟ್ ಒಳಹೋದರೆ 2.1 ವೋಲ್ಟ್ ಹೊರಬರಬೇಕು. ನಿಧಾನವಾಗಿ ಏರಿಸಿ ಲೋಡ್ ಮೇಲೆ 10 ವೋಲ್ಟ್ ಎಸಿ ಇರಿಸಿ, ಐದು ನಿಮಿಷ ಬಿಡಿ. ಇದು ಸುಮಾರು 12 ವಾಟ್. ಹೀಟ್ ಸಿಂಕ್ ಮೇಲೆ ನಾಲ್ಕೈದು ಸೆಕೆಂಡ್ ಬೆರಳು ಇಡಲಾಗದಿದ್ದರೆ ಸಿಂಕ್ ಚಿಕ್ಕದಾಯಿತು. ಡಮ್ಮಿ ಲೋಡ್ ಮಾತ್ರ ಮುಟ್ಟಬೇಡಿ, ಅದು ಸುಡುತ್ತದೆ.

ಹಂತ 4: ಪ್ರೀಆಂಪ್ ಮತ್ತು ಟೋನ್

ಈಗಲೇ ಗಿಟಾರನ್ನು ಪವರ್ ಆಂಪ್‌ಗೆ ಚುಚ್ಚಿದರೆ ಸದ್ದು ಮಂಕಾಗಿ, ಕ್ಷೀಣವಾಗಿ ಕೇಳುತ್ತದೆ. ಪಿಕಪ್‌ನ ಕಾಯಿಲ್‌ಗೆ 22ಕೆ ಬಲು ಭಾರದ ಹೊರೆ, ಮೇಲಿನ ಸ್ವರಗಳೆಲ್ಲ ಅಲ್ಲೇ ಸತ್ತುಹೋಗುತ್ತವೆ. ಅದಕ್ಕೇ ಇನ್‌ಪುಟ್‌ನಲ್ಲಿ 1 ಮೆಗಾಓಮ್ ಬೇಕು. ಹಾಡು ಕೇಳಲೆಂದು ಮಾರುವ ರೆಡಿಮೇಡ್ ಆಡಿಯೋ ಬೋರ್ಡುಗಳು ಗಿಟಾರ್‌ಗೆ ಒಗ್ಗದಿರುವುದಕ್ಕೂ ಬಹುಪಾಲು ಇದೇ ಕಾರಣ.

ಟಿಎಲ್ 072ಗೆ ಎಂಟು ಪಿನ್ನಿನ ಸಾಕೆಟ್ ಹಾಕಿ. ಪಿನ್ 8 +12, ಪಿನ್ 4 −12, ಎರಡಕ್ಕೂ ಹತ್ತಿರದಲ್ಲೇ 100 ನ್ಯಾನೋಫ್ಯಾರಡ್. ಐಸಿ ಕೂರಿಸುವ ಮುಂಚೆ ಖಾಲಿ ಸಾಕೆಟ್‌ನಲ್ಲೇ ಈ ಎರಡು ವೋಲ್ಟೇಜ್ ಅಳೆದುಬಿಡಿ.

ಮೊದಲ ಅರ್ಧ: ಜ್ಯಾಕ್‌ನಿಂದ 10ಕೆ, ಅದರ ಆಚೆ ತುದಿಯಿಂದ ಗ್ರೌಂಡಿಗೆ 100 ಪಿಕೋಫ್ಯಾರಡ್ (ಆಂಪ್‌ನಲ್ಲಿ ರೇಡಿಯೋ ಕೇಳಿಸದಿರಲು), ಅಲ್ಲಿಂದ 22 ನ್ಯಾನೋಫ್ಯಾರಡ್ ಮೂಲಕ ಪಿನ್ 3. ಪಿನ್ 3ರಿಂದ ಗ್ರೌಂಡಿಗೆ 1 ಮೆಗಾಓಮ್. ಪಿನ್ 1 ಮತ್ತು 2ರ ನಡುವೆ 100ಕೆ, ಅದಕ್ಕೆ ಸಮಾಂತರವಾಗಿ 47 ಪಿಕೋಫ್ಯಾರಡ್. ಪಿನ್ 2ರಿಂದ 10ಕೆ ಮತ್ತು 1 ಮೈಕ್ರೋಫ್ಯಾರಡ್ ಸರಣಿಯಲ್ಲಿ ಗ್ರೌಂಡಿಗೆ. ವರ್ಧನೆ 11 ಪಟ್ಟು. ಹಂಬಕರ್ ಪಿಕಪ್ ಇದ್ದು ಜೋರಾಗಿ ಬಾರಿಸಿದಾಗ ಸದ್ದು ಒಡೆದರೆ ಈ 10ಕೆಯನ್ನು 22ಕೆ ಮಾಡಿ.

ಟೋನ್ ಭಾಗದಲ್ಲಿ ಎಲ್ಲರೂ ಗೊಂದಲಕ್ಕೆ ಬೀಳುವುದು ಪಾಟ್‌ನ (ತಿರುಗಿಸಿ ರೋಧ ಬದಲಿಸುವ ಭಾಗದ) ಕಾಲುಗಳಲ್ಲಿ. ದಂಡ ನಿಮ್ಮ ಕಡೆಗೆ, ಕಾಲುಗಳು ಕೆಳಗೆ ಇದ್ದಾಗ ಎಡದಿಂದ 1, 2, 3 ಎಂದುಕೊಳ್ಳಿ. ಟ್ರೆಬಲ್ ಮತ್ತು ಬಾಸ್‌ಗೆ 250ಕೆ ಲಾಗ್, ಮಿಡ್‌ಗೆ 10ಕೆ ಲೀನಿಯರ್.

- ಐಸಿಯ ಪಿನ್ 1ರಿಂದ 250 ಪಿಕೋಫ್ಯಾರಡ್ (270 ಆದರೂ ಆದೀತು) ಟ್ರೆಬಲ್‌ನ 3ಕ್ಕೆ.
- ಅದೇ ಪಿನ್ 1ರಿಂದ ಒಂದು 100ಕೆ. ಅದರ ಆಚೆ ತುದಿಯಿಂದ ಎರಡು ಕೆಪಾಸಿಟರ್ ಕವಲೊಡೆಯುತ್ತವೆ.
- 100 ನ್ಯಾನೋಫ್ಯಾರಡ್ ಕವಲು ಟ್ರೆಬಲ್‌ನ 1 ಮತ್ತು ಬಾಸ್‌ನ 2-3 ಸೇರುವ ಜಾಗಕ್ಕೆ.
- 47 ನ್ಯಾನೋಫ್ಯಾರಡ್ ಕವಲು ಬಾಸ್‌ನ 1 ಮತ್ತು ಮಿಡ್‌ನ 2-3 ಸೇರುವ ಜಾಗಕ್ಕೆ.
- ಮಿಡ್‌ನ 1 ಗ್ರೌಂಡಿಗೆ. ಟ್ರೆಬಲ್‌ನ 2 ಹೊರಹೋಗುವ ಸಿಗ್ನಲ್.

ಮೂರೂ ಗುಬ್ಬಿಗಳನ್ನು ಸೊನ್ನೆಗೆ ತಿರುಗಿಸಿದರೆ ಈ ಸರ್ಕ್ಯೂಟ್ ಬಹುತೇಕ ಮೌನವಾಗುತ್ತದೆ. ಅದು ದೋಷವಲ್ಲ, ಇದರ ಸ್ವಭಾವ. ಇದು ತಿಳಿಯದೆ ಸರಿಯಾಗಿದ್ದ ಬೋರ್ಡನ್ನೇ ಬಿಚ್ಚಿ ಹಾಳು ಮಾಡಿಕೊಳ್ಳುವವರು ಕಡಿಮೆಯೇನಿಲ್ಲ. ಪರೀಕ್ಷಿಸುವಾಗ ಮೂರನ್ನೂ ಮಧ್ಯದಲ್ಲಿಡಿ.

ಟೋನ್ ಭಾಗ ನುಂಗಿದ್ದನ್ನು ಐಸಿಯ ಎರಡನೆಯ ಅರ್ಧ ಮರಳಿ ಕೊಡುತ್ತದೆ. ಟ್ರೆಬಲ್‌ನ 2 ಪಿನ್ 5ಕ್ಕೆ, ಅಲ್ಲಿಂದ ಗ್ರೌಂಡಿಗೆ 1 ಮೆಗಾಓಮ್. ಪಿನ್ 7 ಮತ್ತು 6ರ ನಡುವೆ 100ಕೆ, 47 ಪಿಕೋಫ್ಯಾರಡ್. ಪಿನ್ 6ರಿಂದ 10ಕೆ, 1 ಮೈಕ್ರೋಫ್ಯಾರಡ್ ಮೂಲಕ ಗ್ರೌಂಡಿಗೆ. ಪಿನ್ 7ರಿಂದ 4.7 ಮೈಕ್ರೋಫ್ಯಾರಡ್ ಮೂಲಕ 10ಕೆ ಲಾಗ್ ವಾಲ್ಯೂಮ್ ಪಾಟ್‌ನ 3ಕ್ಕೆ. ಅದರ 2 ಪವರ್ ಆಂಪ್‌ಗೆ, 1 ಗ್ರೌಂಡಿಗೆ. ವಾಲ್ಯೂಮನ್ನು ಕೊನೆಯಲ್ಲಿಟ್ಟ ಲಾಭವೆಂದರೆ ಅದನ್ನು ಇಳಿಸಿದಾಗ ಪ್ರೀಆಂಪಿನ ಹಿಸ್ ಕೂಡ ಇಳಿಯುತ್ತದೆ.

ಪರೀಕ್ಷೆ: ಪಿನ್ 1 ಮತ್ತು 7ರಲ್ಲಿ ಡಿಸಿ 15 ಮಿಲಿವೋಲ್ಟಿನೊಳಗೆ ಇರಬೇಕು. 10 ವೋಲ್ಟ್‌ನ ಹತ್ತಿರ ಅಂಟಿಕೊಂಡಿದ್ದರೆ ಆ ಅರ್ಧದ 1 ಮೆಗಾಓಮ್ ಅಥವಾ 100ಕೆ ಬೆಸುಗೆ ಬಿಟ್ಟಿದೆ.

ಹಂತ 5: ಗ್ರೌಂಡ್ ತಂತಿಗಳು

ಆಂಪ್ ಗುಂಯ್‌ಗುಡುವುದಕ್ಕೆ ಮುಕ್ಕಾಲು ಪಾಲು ಕಾರಣ ಇಲ್ಲಿದೆ. ಗ್ರೌಂಡ್ ಎಂದರೆ ಎಲ್ಲ ಕಡೆ ಒಂದೇ ಶೂನ್ಯ ಎಂಬುದು ಕಾಗದದ ಮೇಲಿನ ಮಾತು. ತಂತಿಗೂ ರೋಧ ಇದೆ. ಬ್ರಿಡ್ಜ್‌ನಿಂದ ಕೆಪಾಸಿಟರ್ ತುಂಬುವ ಕರೆಂಟ್ ಸಣ್ಣ ಸಣ್ಣ ಹೊಡೆತಗಳಲ್ಲಿ, ಹಲವು ಆಂಪಿಯರ್ ಪ್ರಮಾಣದಲ್ಲಿ ಹರಿಯುತ್ತದೆ. ಆ ದಾರಿಯಲ್ಲೇ ಗಿಟಾರ್‌ನ ಗ್ರೌಂಡ್ ಕೂಡ ಇದ್ದರೆ ಆ ಹೊಡೆತಗಳೂ ಸಿಗ್ನಲ್ ಆಗಿ ವರ್ಧನೆಗೊಳ್ಳುತ್ತವೆ.

ಎರಡು ದೊಡ್ಡ ಕೆಪಾಸಿಟರ್‌ಗಳು ಸೇರುವ ಜಾಗದಿಂದ ಒಂದು ದಪ್ಪ, ಗಿಡ್ಡ ತಂತಿ ಎಳೆದು ಒಂದು ಲಗ್‌ಗೆ ತನ್ನಿ. ಇದೇ ಸ್ಟಾರ್ ಬಿಂದು. ಸೆಂಟರ್ ಟ್ಯಾಪ್ ಕೆಪಾಸಿಟರ್ ಜಾಗದಲ್ಲೇ ನಿಲ್ಲಲಿ, ಸ್ಟಾರ್‌ಗೆ ಬರಬಾರದು. ಸ್ಟಾರ್‌ನಿಂದ ನಾಲ್ಕು ಪ್ರತ್ಯೇಕ ತಂತಿಗಳು ಹೊರಡಬೇಕು: ಸ್ಪೀಕರ್‌ನ ವಾಪಸಾತಿಗೆ, ಎಲ್‌ಎಂ 1875ರ 100 ಮೈಕ್ರೋಫ್ಯಾರಡ್‌ಗಳು ಮತ್ತು ಔಟ್‌ಪುಟ್ಟಿನ 1 ಓಮ್ ಸರಣಿಗೆ, ಸಿಗ್ನಲ್ ಗ್ರೌಂಡಿಗೆ (22ಕೆ, 22 ಮೈಕ್ರೋಫ್ಯಾರಡ್, ಇಡೀ ಪ್ರೀಆಂಪ್), ಮತ್ತು ಡಬ್ಬಿಗೆ. ಇನ್‌ಪುಟ್ ಮತ್ತು ಸ್ಪೀಕರ್ ಜ್ಯಾಕ್‌ಗಳು ಡಬ್ಬಿಗೆ ತಾಗದ ಪ್ಲಾಸ್ಟಿಕ್ ಮೈಯವಾಗಿರಲಿ, ಇಲ್ಲದಿದ್ದರೆ ಇಷ್ಟು ಕಷ್ಟಪಟ್ಟದ್ದು ವ್ಯರ್ಥ. ಇನ್‌ಪುಟ್‌ಗೆ ಸ್ವಿಚ್ ಇರುವ ಜ್ಯಾಕ್ ತಂದು, ಪ್ಲಗ್ ಇಲ್ಲದಾಗ ಇನ್‌ಪುಟ್ ಗ್ರೌಂಡಿಗೆ ತಾಗುವಂತೆ ಮಾಡಿ. ಜ್ಯಾಕ್‌ನಿಂದ ಬೋರ್ಡಿಗೆ ಶೀಲ್ಡ್ ತಂತಿ ಬಳಸಿ. ವಾಲ್ಯೂಮ್‌ನಿಂದ ಪವರ್ ಆಂಪ್‌ಗೆ ಹೋಗುವ ಶೀಲ್ಡನ್ನು ಒಂದೇ ತುದಿಯಲ್ಲಿ ಗ್ರೌಂಡ್ ಮಾಡಿ.

ಟ್ರಾನ್ಸ್‌ಫಾರ್ಮರ್ ಡಬ್ಬಿಯ ಒಂದು ಮೂಲೆಗೆ, ಇನ್‌ಪುಟ್ ಜ್ಯಾಕ್ ಎದುರಿನ ಮೂಲೆಗೆ.

ಹಂತ 6: ಸ್ಪೀಕರ್, ಗಿಟಾರ್

ಮೊದಲು ಬಲ್ಬ್ ಇಟ್ಟು ಮತ್ತೊಮ್ಮೆ ಕರೆಂಟ್ ಕೊಡಿ, ಸ್ಪೀಕರ್ ತುದಿಗಳಲ್ಲಿ ಡಿಸಿ ನೋಡಿ. 50 ಮಿಲಿವೋಲ್ಟಿನೊಳಗಿದ್ದರೆ ಬಲ್ಬ್ ತೆಗೆಯಿರಿ. ಆರಿಸಿ, ಸ್ಪೀಕರ್ ಜೋಡಿಸಿ, ವಾಲ್ಯೂಮ್ ಸೊನ್ನೆಯಲ್ಲಿಟ್ಟು ಹಾಕಿ. ಸಣ್ಣ 'ಟಪ್' ಬಂದರೆ ಸಹಜ.

ಸ್ಪೀಕರ್ 8 ಓಮ್, 30 ವಾಟ್ ಅಥವಾ ಹೆಚ್ಚಿನದಾಗಿರಲಿ, ಗಿಟಾರ್‌ಗೆಂದೇ ಮಾಡಿದ್ದಾದರೆ ಉತ್ತಮ. ಅಂಥ ಸ್ಪೀಕರ್ 5 ಕಿಲೋಹರ್ಟ್ಜ್‌ನ ಮೇಲೆ ತಾನಾಗಿಯೇ ಇಳಿದುಹೋಗುತ್ತದೆ. ಟ್ವೀಟರ್ ಇರುವ ಮನೆ ಸ್ಪೀಕರ್‌ನಲ್ಲಿ ಒಡೆದ ಸ್ವರ ಮರಳು ಉಜ್ಜಿದ ಹಾಗೆ ಕೇಳುತ್ತದೆ. ಎರಡು 8 ಓಮ್ ಸ್ಪೀಕರ್‌ಗಳನ್ನು ಸಮಾಂತರವಾಗಿ ಹಾಕಿ 4 ಓಮ್ ಮಾಡಬೇಡಿ, ಈ ಹೀಟ್ ಸಿಂಕ್ ತಡೆಯುವುದಿಲ್ಲ.

ತೊಂದರೆ ಕಂಡರೆ

ವಾಲ್ಯೂಮ್ ಸೊನ್ನೆಯಲ್ಲಿದ್ದರೂ ಗುಂಯ್ ಇದ್ದರೆ ದೋಷ ಪವರ್ ಆಂಪ್‌ನಲ್ಲಿ ಅಥವಾ ಸ್ಟಾರ್ ಗ್ರೌಂಡ್‌ನಲ್ಲಿ. ವಾಲ್ಯೂಮ್ ಏರಿಸಿದಂತೆ ಏರಿದರೆ ಪ್ರೀಆಂಪ್ ಕಡೆ ಹೋಗಿ. ಸದ್ದಿನ ಬಗೆಯೂ ಸುಳಿವು ಕೊಡುತ್ತದೆ. ಮೆತ್ತನೆಯ, ತಗ್ಗಿದ ಹಮ್ ಆದರೆ ಟ್ರಾನ್ಸ್‌ಫಾರ್ಮರ್ ಹತ್ತಿರವಿದೆ ಅಥವಾ ಎಲ್ಲೋ ಗ್ರೌಂಡ್ ಬಿಟ್ಟಿದೆ. ದುಂಬಿಯಂತೆ ಕರ್ಕಶವಾಗಿದ್ದರೆ ರೆಕ್ಟಿಫಯರ್‌ನ ಹೊಡೆತಗಳು ಸಿಗ್ನಲ್ ಗ್ರೌಂಡಿಗೆ ನುಗ್ಗಿವೆ. ಗಿಟಾರ್‌ನ ತಂತಿಗಳನ್ನು ಕೈಯಿಂದ ಮುಟ್ಟಿದಾಗ ಕಡಿಮೆಯಾಗುವ ಸದ್ದು ಗಿಟಾರ್‌ನದು, ಆಂಪ್‌ನದಲ್ಲ. ಏನೇ ಆಗಲಿ, ಹಮ್ ಹೋಗಲೆಂದು ಪ್ಲಗ್ಗಿನ ಅರ್ಥ್ ಪಿನ್ ಕೀಳಬೇಡಿ. ಹಮ್ ಹೋಗಲೂಬಹುದು. ಆದರೆ ಒಳಗೊಂದು ಲೈವ್ ಎಳೆ ಡಬ್ಬಿಗೆ ತಾಗಿದ ದಿನ ಗಿಟಾರ್‌ನ ತಂತಿಗಳಲ್ಲೇ ಮೇನ್ಸ್ ಇರುತ್ತದೆ.

ಚೆನ್ನಾಗಿ ನುಡಿಯುತ್ತಿದ್ದ ಆಂಪ್ ತಟ್ಟನೆ ನಿಂತು, ತಣಿದ ಮೇಲೆ ತಾನೇ ಸರಿಯಾದರೆ ಐಸಿಯ ಒಳಗಿನ ಉಷ್ಣರಕ್ಷಣೆ ಕೆಲಸ ಮಾಡಿದೆ. ಮೈಕಾ ಬಿಗಿತ, ಪೇಸ್ಟ್, ಸಿಂಕ್ ನೋಡಿ. ನುಡಿಸದೆಯೇ ಬಿಸಿಯಾದರೆ ಆಂದೋಲನ. 100 ನ್ಯಾನೋಫ್ಯಾರಡ್‌ಗಳನ್ನು ಪಿನ್ನಿಗೆ ಇನ್ನಷ್ಟು ಹತ್ತಿರ ತನ್ನಿ, ಸ್ಪೀಕರ್ ತಂತಿಯನ್ನು ಇನ್‌ಪುಟ್ ತಂತಿಯಿಂದ ದೂರ ಸರಿಸಿ. ಡಬ್ಬಿಗೆ ಮರದ ಚಮಚದಿಂದ ತಟ್ಟಿದಾಗ ಚಟಪಟ ಸದ್ದು ಬಂದರೆ ಡ್ರೈ ಸೋಲ್ಡರ್ ಇದೆ. ಮಂಕಾಗಿ, ಗುಂಡಗೆ ಕೂತ ಬೆಸುಗೆಗಳನ್ನು ಮತ್ತೆ ಕಾಯಿಸಿ.

ರೈಲಿನ ಫ್ಯೂಸ್ ಹೋದರೆ ಸ್ಪೀಕರ್ ಬಿಚ್ಚದೆ ಹೊಸದು ಹಾಕಬೇಡಿ. ಮೊದಲು ಸ್ಪೀಕರ್ ಇಲ್ಲದೆ, 47 ಓಮ್ ರೆಸಿಸ್ಟರ್‌ಗಳನ್ನು ಇಟ್ಟು, ಮೂರನೆಯ ಹಂತದ ಪರೀಕ್ಷೆಯನ್ನೇ ಮತ್ತೆ ಮಾಡಿ. ಪಿನ್ 4 ಈಗಲೂ ಯಾವುದಾದರೂ ರೈಲಿಗೆ ಅಂಟಿಕೊಂಡಿದ್ದು, ಬೆಸುಗೆಗಳೆಲ್ಲ ಸರಿಯಿದ್ದರೆ, ಆಗ ಐಸಿ ಬದಲಿಸಿ.